ಗೇಟು ದಾಟಿದ ಪದ್ಮಿನಿ

ಸಪ್ಪಲಮ್ಮನ ಪದ್ಮಿನಿ ಕಾರು ರೈಲ್ವೆ ಗೇಟಿನ ನಟ್ಟನಡುವೆ ನಿಂತುಹೋದ ಸುದ್ದಿ ಸಪ್ಪಲಮ್ಮನಿಗಿಂತ ಮುಂಚೆಯೇ ತೂಬಗೆರೆಯ ಮನೆಗೆ ಬಂದು ಕೂತಿತ್ತು. ಮಾಕಳಿದುರ್ಗದ ಬೆಟ್ಟ ಹತ್ತಲು ಬೆಂಗಳೂರಿನಿಂದ ಬಂದಿದ್ದ ಹುಡುಗರು ಮೊದಲು ವೀಡಿಯೊ ಮಾಡಿ, ಆಮೇಲೆ ಕಾರು ತಳ್ಳಿದ್ದರು. ಆ ವೀಡಿಯೊ ಯಾರ್ಯಾರದೋ ಮೊಬೈಲು ಸುತ್ತಿ, ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುವ ಅವಳ ಮಗ ಮುನೀಂದ್ರನ ಕೈಗೆ ಸಿಕ್ಕಿ, ಅವನು ಬಾಡಿಗೆ ಬಿಟ್ಟು ಮನೆಗೆ ಓಡಿ ಬರುವಷ್ಟು ಕೆಲಸ ಮಾಡಿತ್ತು.

ವೀಡಿಯೊದಲ್ಲಿ ಬಾನೆಟ್ ಬಾಯಿ ತೆರೆದಿತ್ತು. ಸಪ್ಪಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿಸಿಲಲ್ಲಿ ನಿಂತಿದ್ದಳು. ಗಂಡ ನರಸಿಂಹಯ್ಯ ಬಾಟಲಿ ನೀರಿನಲ್ಲಿ ಬಟ್ಟೆ ಅದ್ದಿ, ಜ್ವರ ಬಂದ ಮಗುವಿನ ಹಣೆಗೆ ಹಾಕುವ ಹಾಗೆ, ಇಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ ಹೊದಿಸುತ್ತಿದ್ದ. ಹಿಂದೆ ಗೇಟಿನವನು ಕೆಂಪು ಬಾವುಟ ಹಿಡಿದು ಅರಚುತ್ತಿದ್ದ.

ಅವತ್ತು ಮಧ್ಯಾಹ್ನ ಊಟಕ್ಕೆ ಮುದ್ದೆ, ಬಸ್ಸಾರು. ಸೊಸೆ ಕವಿತ ಬಡಿಸಿ ಮುಗಿಸುವ ತನಕವೂ ಮುನೀಂದ್ರನಿಗೆ ತಡೆಯಲಿಲ್ಲ.

"ಟ್ರೈನ್ ಬಂದಿದ್ರೆ ಏನ್ಮಾಡ್ತಿದ್ದೆ?"

"ಬರ್ಲಿಲ್ವಲ್ಲ," ಎಂದಳು ಸಪ್ಪಲಮ್ಮ.

"ಬಂದಿದ್ರೆ ಅಂತ ಕೇಳ್ತಿದ್ದೀನಿ ಕಣಮ್ಮ."

"ಇಳಿದು ಪಕ್ಕಕ್ಕೆ ನಿಂತ್ಕೊಳ್ತಿದ್ದೆ. ನನಗೇನು ಕಣ್ಣು ಕಾಣಲ್ವಾ? ಸಾರು ಹಾಕವ್ವಾ ಕವಿತ."

ಮುನೀಂದ್ರ ಅಪ್ಪನ ಕಡೆ ತಿರುಗಿದ. "ನೀನಾದ್ರೂ ಹೇಳಪ್ಪ."

ನರಸಿಂಹಯ್ಯ ಮುದ್ದೆ ನುಂಗಿ ನೀರು ಕುಡಿದು ಹೇಳಿದ. "ಬಟ್ಟೆ ಸರಿಯಾಗಿ ನೆಂದಿರ್ಲಿಲ್ಲ. ಬಾಟ್ಲೀಲಿ ನೀರು ಕಮ್ಮಿ ಇತ್ತು."

ಈ ಮನೆಯಲ್ಲಿ ಆ ಬಟ್ಟೆಗೆ ಒಂದು ಸ್ಥಾನಮಾನವಿತ್ತು. ಬಿಸಿಲು ಏರಿದರೆ ಹಳೇ ಕಾರಿನ ಪೈಪಿನಲ್ಲಿ ಪೆಟ್ರೋಲು ಆವಿಯಾಗಿ, ಪಂಪು ಗಾಳಿ ಕುಡಿದು ಸುಮ್ಮನಾಗುತ್ತದೆ. ಒದ್ದೆ ಬಟ್ಟೆ ಹಾಕಿ ತಣಿಸಿದರೆ ಮತ್ತೆ ಏಳುತ್ತದೆ. ಕಾರು ಓಡಿಸುವುದು ಸಪ್ಪಲಮ್ಮನ ಕೆಲಸ, ಬಟ್ಟೆ ನರಸಿಂಹಯ್ಯನ ಕೆಲಸ. ಅವನು ಡ್ರೈವಿಂಗ್ ಕಲಿಯಲೇ ಇಲ್ಲ. ಯಾಕೆಂದು ಕೇಳಿದರೆ "ಭಯ" ಎಂದು ಒಂದೇ ಮಾತಲ್ಲಿ ಒಪ್ಪಿಕೊಳ್ಳುವ ಗಂಡಸು ಅವನು. ಅಂಥವರು ತೂಬಗೆರೆಯಲ್ಲಿ ಇನ್ನೊಬ್ಬರಿಲ್ಲ.

"ಆ ರೆಸಾರ್ಟ್ ನವೀನ್‌ಕುಮಾರ್ ಗಾಡಿ ಕೊಡಿ ಅಂತ ಇನ್ನೂ ಕೇಳ್ತಾನೇ ಇದ್ದಾನೆ," ಎಂದ ಮುನೀಂದ್ರ. "ಒಳ್ಳೆ ರೇಟು ಕೊಡ್ತಾನೆ. ರೆಸಾರ್ಟ್ ಬಾಗ್ಲಲ್ಲಿ ಗಾಜಿನ ಮನೆ ಕಟ್ಸಿ ಒಳಗೆ ನಿಲ್ಲಿಸ್ತಾನಂತೆ. ಬಂದೋರು ಫೋಟೋ ತೆಗೆಸ್ಕೋತಾರೆ. ಗೌರವವಾಗಿರುತ್ತೆ ಗಾಡಿ."

"ಗಾಜಿನ ಮನೇಲಿ ಹೆಣ ಇಡ್ತಾರೆ ಕಣ್ಲಾ."

"ಅಮ್ಮಾ! ಚಕ್ಕೋತ ತಗೊಂಡು ಹೋಗ್ಬೇಕು ಅಂದ್ರೆ ನನಗೆ ಹೇಳು, ನಾನು ಬಿಟ್ಟು ಬರ್ತೀನಿ."

"ಯಾವಾಗ?"

"ಟೈಮಾದಾಗ."

ಸಪ್ಪಲಮ್ಮ ತಟ್ಟೆ ಎತ್ತಿಕೊಂಡು ಎದ್ದಳು. "ನಿನ್ನ ಟೈಮಿಗೆ ನನ್ನ ಹಣ್ಣು ಕಾಯ್ಬೇಕಾ? ಇದನ್ನೇ ದಲ್ಲಾಳೀನೂ ಹೇಳ್ತಿದ್ದ."

ದಲ್ಲಾಳಿಯ ಮಾತು ಬಂದರೆ ಆ ಮನೆಯಲ್ಲಿ ಚರ್ಚೆ ಮುಗಿಯಿತೆಂದು ಅರ್ಥ. ಮುನೀಂದ್ರ ಚಡ್ಡಿ ಹಾಕುವ ಕಾಲದಲ್ಲಿ ದಲ್ಲಾಳಿ ತೋಟದ ಬದುವಿನ ಮೇಲೆ ನಿಂತು ಹೇಳಿದ್ದೇ ದ್ರಾಕ್ಷಿಯ ರೇಟು. ಒಂದು ವರ್ಷ ಬೆಳೆ ಚೆನ್ನಾಗಿ ಬಂದಾಗ ಸಪ್ಪಲಮ್ಮ, ಹಣ್ಣನ್ನು ತಾನೇ ಮಾರುಕಟ್ಟೆಗೆ ಒಯ್ಯುತ್ತೇನೆಂದು, ಯಾರನ್ನೂ ಕೇಳದೆ ಯಲಹಂಕದ ಡಾಕ್ಟರೊಬ್ಬರ ಹಳೇ ಪದ್ಮಿನಿ ಕೊಂಡು ತಂದಳು. ಕೆರೆ ಅಂಗಳದಲ್ಲಿ ಓಡಿಸಲು ಕಲಿತಳು. ಊರ ಗಂಡಸರು ಏರಿಯ ಮೇಲೆ ಸಾಲಾಗಿ ಕೂತು ನಕ್ಕರು. ಅವರ ಪೈಕಿ ಇಬ್ಬರ ಹೆಂಡತಿಯರು ಹೆರಿಗೆಗೆ ಹೋದದ್ದು ಅದೇ ಕಾರಿನಲ್ಲಿ. ಮುನೀಂದ್ರನಿಗೆ ಸ್ಟೇರಿಂಗ್ ಹಿಡಿಸಿದವಳೂ ಅವಳೇ. "ಪೂರ್ತಿ ತುಳಿದು ಹಿಡ್ಕೋ, ಆಮೇಲೆ ಕೀ ತಿರುಗಿಸು. ಇದು ಮುದ್ದು ಮಾಡಿದ್ರೆ ಏಳೋ ಗಾಡಿ ಅಲ್ಲ," ಎಂದು ತಲೆಗೆ ಮೊಟಕಿ ಕಲಿಸಿದ್ದಳು. ದ್ರಾಕ್ಷಿ ತೋಟ ಹೋಗಿ ಈಗ ಉಳಿದಿದ್ದು ಚಕ್ಕೋತದ ಮರಗಳು. ಬೆಟ್ಟದ ಬುಡದಲ್ಲಿ ಅಂಗಡಿ ಇಟ್ಟಿರುವ ಕೊಂಡಪ್ಪ ಆ ಹಣ್ಣು ಬಿಡಿಸಿ, ಉಪ್ಪು ಖಾರ ಹಚ್ಚಿ, ಬೆಟ್ಟ ಹತ್ತುವವರಿಗೆ ಮಾರುತ್ತಾನೆ. ಅಲ್ಲಿಗೆ ಹೋಗಬೇಕೆಂದರೆ ರೈಲ್ವೆ ಗೇಟು ದಾಟಲೇಬೇಕು.

ಪಾತ್ರೆ ತೊಳೆಯುವ ಕಡೆ ಮೊಮ್ಮಗಳು ಸಿಂಚನ ಅಜ್ಜಿಯ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತಳು. ಆಟೊಮೊಬೈಲ್ ಡಿಪ್ಲೊಮಾ ಮಾಡಿ, ಅಪ್ಪ ತೋರಿಸಿದ ಏರ್‌ಪೋರ್ಟ್ ಕೌಂಟರಿನ ಕೆಲಸ ಬಿಟ್ಟು, ದೇವನಹಳ್ಳಿಯ ಹೈದರ್ ಭಾಯ್ ಗ್ಯಾರೇಜಿಗೆ ಸೇರಿಕೊಂಡ ಹುಡುಗಿ. ಆ ಜಗಳದ ಹೊಗೆ ಇನ್ನೂ ಪೂರ್ತಿ ಆರಿರಲಿಲ್ಲ.

"ಅಜ್ಜಿ, ಕಾರ್ಬುರೇಟರ್ ಕಿತ್ತಾಕಿ ಇಂಜೆಕ್ಷನ್ ಹಾಕ್ಬಿಡೋಣ."

"ಯಾರಿಗೆ ಇಂಜೆಕ್ಷನ್ನು?"

"ಗಾಡಿಗೆ. ಕಾರ್ಬುರೇಟರ್ ಅಂದ್ರೆ ಅಂದಾಜಿನ ಅಡುಗೆ. ಚಳಿಯಿದ್ರೂ ಅಷ್ಟೇ, ಬಿಸ್ಲಿದ್ರೂ ಅಷ್ಟೇ ಸುರಿಯುತ್ತೆ. ಇಂಜೆಕ್ಷನ್ ಅಂದ್ರೆ ಒಂದು ಕಂಪ್ಯೂಟರ್ ಬಾಕ್ಸು ಇಂಜಿನ್ ಬಿಸಿ ನೋಡಿ, ಗಾಳಿ ನೋಡಿ, ಎಷ್ಟು ಬೇಕೋ ಅಷ್ಟೇ ಪೆಟ್ರೋಲ್ ಸಿಂಪಡಿಸುತ್ತೆ. ಟ್ಯಾಂಕಿನಿಂದಲೇ ಕರೆಂಟ್ ಪಂಪು ಜೋರಾಗಿ ತಳ್ಳುತ್ತೆ. ಆವಿ ಆಗೋ ಮಾತೇ ಇಲ್ಲ. ಚೋಕ್ ಎಳೆಯೋದಿಲ್ಲ, ಬಟ್ಟೆ ಹಾಕೋದಿಲ್ಲ."

"ಅಂದಾಜಿನ ಅಡುಗೆ ತಿಂದೇ ನೀನು ಇಷ್ಟುದ್ದ ಆಗಿರೋದು," ಎಂದಳು ಸಪ್ಪಲಮ್ಮ. ತಟ್ಟೆ ಉಜ್ಜುತ್ತಾ ಸ್ವಲ್ಪ ಯೋಚಿಸಿದಳು. "ಗೇಟಲ್ಲಿ ನಿಲ್ಲಲ್ವಾ?"

"ನಿಲ್ಲಲ್ಲ."

"ಹಂಗಾದ್ರೆ ಕಿತ್ತಾಕು."

ಹೈದರ್ ಭಾಯ್ ಮೊದಲು ಬೇಡವೆಂದೇ ಹೇಳಿದ. ಬಾನೆಟ್ ಎತ್ತಿ ಒಳಗೆ ನೋಡಿ, ಗಡ್ಡ ಕೆರೆದು, "ಅಮ್ಮಾ, ಇದನ್ನ ಹಿಂಗೇ ಇಟ್ರೆ ಬೆಲೆ. ಕೈ ಹಾಕಿದ್ರೆ ಬೆಲೆ ಹೋಗುತ್ತೆ. ಶೋಕಿ ಮಾಡೋರು ಒರಿಜಿನಲ್ ಕೇಳ್ತಾರೆ," ಎಂದ.

"ನಾನು ಮಾರೋಕೆ ತಂದಿದ್ದೀನಾ?"

"ಇಲ್ಲ."

"ಮತ್ತೆ ಬೆಲೆ ಯಾಕೆ ಹೇಳ್ತೀಯ?"

ಹೈದರ್ ನಕ್ಕುಬಿಟ್ಟ. ಗುಜರಿಗೆ ಬಂದಿದ್ದ ವ್ಯಾನೊಂದರ ಇಂಜೆಕ್ಷನ್ ಸಾಮಾನನ್ನು ಸಿಂಚನಳ ಮುಂದೆ ತಂದು ಸುರಿದ. "ಬಿಚ್ಚು, ತೊಳಿ, ಕೂರಿಸು. ವೆಲ್ಡಿಂಗ್ ಮಾತ್ರ ನನ್ನ ಹತ್ರ ಬಾ. ಟ್ಯಾಂಕ್ ಹತ್ರ ಬೆಂಕಿ ತಗೊಂಡ್ ಹೋದ್ರೆ ನಿನ್ನ ಕೆಲಸದಿಂದ ತೆಗಿತೀನಿ."

ಆಮೇಲೆ ಕೆಲವು ವಾರ ಆ ಮನೆಯ ಅಂಗಳ ಅಂಗಳವಾಗಿ ಉಳಿಯಲಿಲ್ಲ. ಗ್ಯಾರೇಜಿನ ಕೆಲಸ ಮುಗಿಸಿ ಬಂದು, ಬಟ್ಟೆ ಬದಲಿಸದೆ ಸಿಂಚನ ಕಾರಿನ ಕೆಳಗೆ ತೂರುತ್ತಿದ್ದಳು. ಹಲಸಿನ ಮರದ ಕೆಳಗೆ ಕಾರು, ಕಾರಿನ ಕೆಳಗೆ ಅವಳು, ಅವಳ ಕಾಲ ಹತ್ತಿರ ಟಾರ್ಚು ಹಿಡಿದು ನರಸಿಂಹಯ್ಯ. ಟ್ಯಾಂಕಿಗೆ ಪೆಟ್ರೋಲು ವಾಪಸ್ ಬರುವ ಇನ್ನೊಂದು ಪೈಪು ಬೇಕಾಯಿತು. ಇಂಜಿನ್ ಎಷ್ಟು ಜೋರು ತಿರುಗುತ್ತಿದೆ ಎಂದು ಬಾಕ್ಸಿಗೆ ತಿಳಿಸಲು, ಬೆಲ್ಟು ಸುತ್ತುವ ಮುಂದಿನ ಗಾಲಿಗೆ ಹಲ್ಲಿನ ಚಕ್ರವೊಂದು ಕೂತಿತು. ಹೊಗೆ ಕೊಳವೆಗೆ ತೂತು ಕೊರೆದು ಹೊಗೆಯ ವಾಸನೆ ಹಿಡಿಯುವ ಸೆನ್ಸರ್ ಸಿಕ್ಕಿಸಿದಳು. ಸಪ್ಪಲಮ್ಮ ವೀಳ್ಯದೆಲೆ ಪೊಟ್ಟಣ ಇಡುತ್ತಿದ್ದ ಕಾರಿನೊಳಗಿನ ಗೂಡಿನಲ್ಲಿ ಕಂಪ್ಯೂಟರ್ ಬಾಕ್ಸು ಕೂತಿತು. ವೀಳ್ಯದೆಲೆಗೆ ಬೇರೆ ಜಾಗ ನೋಡಿಕೊಳ್ಳಬೇಕಾಯಿತು.

ಕವಿತ ತಾಳ್ಮೆಯವಳು. ಆದರೆ ಇಂಜೆಕ್ಟರ್ ಸರಿಯಾಗಿ ಸಿಂಪಡಿಸುತ್ತದೋ ಇಲ್ಲವೋ ಎಂದು ನೋಡಲು ಮಗಳು ಉಪ್ಪಿನಕಾಯಿ ಜಾಡಿಯೊಳಗೆ ಪೆಟ್ರೋಲು ಹೊಡೆಸಿದ ದಿನ ಅವಳ ತಾಳ್ಮೆ ಮುಗಿಯಿತು.

"ಆ ಜಾಡಿ ನಮ್ಮಮ್ಮ ಕೊಟ್ಟಿದ್ದು ಕಣೇ!"

"ತೊಳ್ದಿಡ್ತೀನಿ ಅಮ್ಮ. ಗಾಜು ಬೇಕಿತ್ತು, ಹನಿ ಕಾಣ್ಬೇಕು."

"ಮುದ್ದೆಗೂ ಅದೇ ವಾಸ್ನೆ, ದಿಂಬಿಗೂ ಅದೇ ವಾಸ್ನೆ. ನಾಳೆ ಹೆಣ್ಣು ನೋಡೋಕೆ ಬಂದೋರು ಏನಂತಾರೆ?"

"ಮೈಲೇಜ್ ಎಷ್ಟು ಅಂತಾರೆ," ಎಂದಳು ಸಪ್ಪಲಮ್ಮ ಜಗುಲಿಯಿಂದ.

"ನೀವು ಸುಮ್ನಿರಿ ಅತ್ತೆ. ಅವಳನ್ನ ಹಾಳು ಮಾಡಿರೋದೇ ನೀವು."

"ನಾನು ಮಾಡಿರೋ ಒಳ್ಳೆ ಕೆಲಸ ಅದೊಂದೇ."

ಕವಿತ ಬಾಗಿಲು ದಡಾರನೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಅದೇ ಬಾಗಿಲಿನಿಂದ ಮಗಳಿಗೆ ಕಾಫಿಯೂ ಬಂತು.

ನರಸಿಂಹಯ್ಯನ ಚಿಂತೆಯೇ ಬೇರೆ. ಬಿಚ್ಚಿಟ್ಟ ಕಾರ್ಬುರೇಟರನ್ನು ಅವನು ಸೀಮೆಎಣ್ಣೆಯಲ್ಲಿ ತೊಳೆದು, ಆ ಪ್ರಖ್ಯಾತ ಬಟ್ಟೆಯಲ್ಲೇ ಸುತ್ತಿ, ದೇವರ ಗೂಡಿನ ಕೆಳಗೆ ಇಟ್ಟುಕೊಂಡಿದ್ದ.

"ಇನ್ಮೇಲೆ ಬಟ್ಟೆ ಬೇಡ್ವಂತಲ್ಲ," ಎಂದ ಹೆಂಡತಿಗೆ.

"ಬೇಡ."

"ಹಂಗಾದ್ರೆ ನಾನು ಯಾತಕ್ಕೆ ಬರ್ಲಿ?"

ಸಪ್ಪಲಮ್ಮ ಅವನ ಮುಖ ನೋಡಿದಳು. ಕಸಿವಿಸಿಯಾಯಿತು. "ಪಕ್ಕದಲ್ಲಿ ಕೂತ್ಕೊಂಡು ಎಲೆ ಅಡಿಕೆ ಮಡಚಿ ಕೊಡೋರು ಯಾರು? ಬಾಕ್ಸು ಮಡಚಿ ಕೊಡುತ್ತಾ?" ಎಂದಳು. ನರಸಿಂಹಯ್ಯನಿಗೆ ಸಮಾಧಾನವಾಯಿತು.

ನವೀನ್‌ಕುಮಾರ್ ಬಂದಿದ್ದು ಎಲ್ಲ ಬಿಚ್ಚಿ ಹರಡಿದ್ದ ಒಂದು ಭಾನುವಾರ. ಮುನೀಂದ್ರನೇ ಕರೆದಿದ್ದ. ಬೆಟ್ಟದ ಬುಡದಲ್ಲಿ, ಗೇಟು ದಾಟಿದ ಕೂಡಲೇ ಸಿಗುವ ರೆಸಾರ್ಟು ಅವನದು. ಕಪ್ಪು ಕನ್ನಡಕ ತಲೆಯ ಮೇಲೆ ಏರಿಸಿಕೊಂಡು ಇಂಜಿನ್ ಒಳಗೆ ಇಣುಕಿದವನು ಕೆನ್ನೆಯ ಮೇಲೆ ಕೈ ಇಟ್ಟುಕೊಂಡ.

"ಅಯ್ಯೋ ಅಜ್ಜಿ! ಏನ್ ಮಾಡ್ಬಿಟ್ರಿ? ಕಾರ್ಬುರೇಟರ್ ಎಲ್ಲಿ?"

"ರಿಟೈರ್ ಆಯ್ತು."

"ಈ ವೈರುಗಳು, ಈ ಬಾಕ್ಸು... ಒರಿಜಿನಲ್ ಹಾಳಾಯ್ತಲ್ಲ ಗುರು," ಎಂದ ಮುನೀಂದ್ರನಿಗೆ. "ಹೋಗ್ಲಿ, ಹಳೇದು ಇದ್ಯಲ್ಲ? ನಾವು ವಾಪಸ್ ಹಾಕಿಸ್ಕೋತೀವಿ. ಓಡೋದೇನೂ ಬೇಕಾಗಿಲ್ಲ ನಮ್ಗೆ. ನೋಡೋಕೆ ಇದ್ರೆ ಸಾಕು."

ಓಡುವುದೇನೂ ಬೇಕಾಗಿಲ್ಲ ಎಂಬ ಮಾತು ಸಪ್ಪಲಮ್ಮನ ಎದೆಗೆ ನಾಟಿತು. ಅವಳು ಮೊರ ಕೆಳಗಿಟ್ಟು ಎದ್ದು ಬಂದಳು.

"ಕಾಫಿ ಕುಡಿದು ಹೋಗಪ್ಪ. ಗಾಡಿ ಕೊಡಲ್ಲ."

"ಅಮ್ಮಾ, ಹಠ ಬೇಡ," ಎಂದ ಮುನೀಂದ್ರ. "ಆ ವೀಡಿಯೊ ನೋಡಿದಾಗಿಂದ ನನಗೆ ಗಾಡಿ ಓಡಿಸೋಕೆ ಕೈ ಬರ್ತಿಲ್ಲ. ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ. ನಿನಗೆ ಗೊತ್ತಾ ಅದು?"

ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವಳಿಗೆ ಇನ್ನಷ್ಟು ಕೋಪ ಬಂತು. ಪ್ರೀತಿಯ ಹೆಸರಲ್ಲಿ ಕಟ್ಟುವ ಹಗ್ಗವನ್ನು ಬಿಚ್ಚುವುದು ಯಾವಾಗಲೂ ಕಷ್ಟ.

"ನಿಂಗೆ ಏನಾಗ್ಬೇಕು ಹೇಳು."

"ಮುಂದಿನ ಭಾನುವಾರ ಇವರು ಮತ್ತೆ ಬರ್ತಾರೆ, ಗಾಡಿ ಹೊತ್ಕೊಂಡು ಹೋಗೋ ಲಾರಿ ಜೊತೆ. ನೀನೇ, ನಿನ್ನ ಕೈಯಲ್ಲೇ ಸ್ಟಾರ್ಟ್ ಮಾಡಿ, ನಡು ಮಧ್ಯಾಹ್ನದ ಬಿಸಿಲಲ್ಲಿ ಗೇಟು ದಾಟ್ಸು. ನಾನು ಇನ್ನು ಬಾಯಿ ಬಿಡಲ್ಲ. ಆಗ್ಲಿಲ್ಲ ಅಂದ್ರೆ ಗಾಡಿ ಲಾರಿ ಹತ್ತುತ್ತೆ."

"ಅಪ್ಪಾ, ಒಂದು ವಾರ ಸಾಲಲ್ಲ," ಎಂದು ಸಿಂಚನ ಕೂಗಿದಳು.

"ಆಯ್ತು ಕಣ್ಲಾ," ಎಂದುಬಿಟ್ಟಿದ್ದಳು ಸಪ್ಪಲಮ್ಮ. ಬಾಯಿಂದ ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಅವಳಿಗೆ ಅಭ್ಯಾಸವಿರಲಿಲ್ಲ.

ಆ ವಾರ ಸಿಂಚನ ಗ್ಯಾರೇಜಿಗೆ ರಜೆ ಹಾಕಿದಳು. ಬುಧವಾರ ಬೆಳಿಗ್ಗೆ, ಲ್ಯಾಪ್‌ಟಾಪನ್ನು ಕವಿತಳ ಈಳಿಗೆ ಮಣೆಯ ಮೇಲೆ ಇಟ್ಟುಕೊಂಡು ಕೀ ತಿರುಗಿಸಿದಳು. ಹಿಂದೆ ಟ್ಯಾಂಕಿನ ಹತ್ತಿರ ಪಂಪು ಗುಂಯ್ ಎಂದಿತು. ಇಂಜಿನ್ ಒಂದು ಸಲ ಕೆಮ್ಮಿ, ಎದ್ದೇಬಿಟ್ಟಿತು. ಚೋಕಿಲ್ಲ, ತಳ್ಳಾಟವಿಲ್ಲ. ಹಲಸಿನ ಮರದ ಕಾಗೆಗಳು ಹಾರಿದವು. ಕವಿತ ಸೌಟು ಹಿಡಿದುಕೊಂಡೇ ಓಡಿ ಬಂದಳು. ನರಸಿಂಹಯ್ಯ ಇಂಜಿನ್ನಿಗೆ ಕೈ ಮುಗಿದ.

"ಇಳಿ, ಇಳಿ, ನಾನು ನೋಡ್ತೀನಿ," ಎಂದು ಸಪ್ಪಲಮ್ಮ ಮೊಮ್ಮಗಳನ್ನು ಎಬ್ಬಿಸಿದಳು. ಇಂಜಿನ್ ಆರಿಸಿ, ಸೀರೆ ಸರಿ ಮಾಡಿಕೊಂಡು ಕೂತು, ಕೀ ತಿರುಗಿಸಿದಳು. ಇಂಜಿನ್ ಗರಗರ ತಿರುಗಿತು. ಏಳಲಿಲ್ಲ. ಮತ್ತೆ ತಿರುಗಿಸಿದಳು. ಗರಗರ, ಅಷ್ಟೆ.

ಸಿಂಚನ ಕೂತಳು, ಒಂದೇ ಸಲಕ್ಕೆ ಎದ್ದಿತು. ಅಜ್ಜಿ ಕೂತಳು, ಏಳಲಿಲ್ಲ.

"ಏನ್ ಮಾಡ್ದೆ ಅಜ್ಜಿ?"

"ಏನೂ ಮಾಡ್ಲಿಲ್ಲ. ಕೀ ತಿರುಗಿಸ್ದೆ."

ಗುರುವಾರವೂ ಹೀಗೇ, ಶುಕ್ರವಾರವೂ ಹೀಗೇ. ಸಿಂಚನ ಪ್ಲಗ್ಗು ಬಿಚ್ಚಿ ನೋಡಿದಳು, ವೈರು ಹಿಂಡಿ ನೋಡಿದಳು, ಬ್ಯಾಟರಿ ಬದಲಿಸಿದಳು. ಹೈದರ್ ಭಾಯ್ ಬಂದು ಕೂತು ತಿರುಗಿಸಿದರೆ ಒಂದೇ ಸಲಕ್ಕೆ ಏಳುತ್ತದೆ. ಅವನು ಬೆನ್ನು ತಿರುಗಿಸಿದ ಮೇಲೆ ಸಪ್ಪಲಮ್ಮ ಕೂತರೆ ಮುನಿಸಿಕೊಳ್ಳುತ್ತದೆ. ಪಕ್ಕದ ಮನೆಯ ಬೈರೇಶ್ ಬೇಲಿಯಾಚೆಯಿಂದ ಇಣುಕಿ, "ಗಾಡಿಗೆ ವಯಸ್ಸಾದೋರು ಬೇಡ್ವಂತೆ ಕಣಮ್ಮೋ," ಎಂದ. ಸಪ್ಪಲಮ್ಮ ಅವನತ್ತ ಒಂದು ಹಸಿ ಚಕ್ಕೋತ ಎಸೆದಳು. ಗುರಿ ತಪ್ಪಲಿಲ್ಲ.

ಆದರೆ ಒಳಗೊಳಗೇ ಅವಳಿಗೆ ಹೆದರಿಕೆ ಹತ್ತಿತ್ತು. ಶನಿವಾರ ಅವಳು ಸರಿಯಾಗಿ ಉಣ್ಣಲಿಲ್ಲ. ತನ್ನ ಕೈಗೇ ಏನೋ ಆಗಿದೆ ಎಂದುಕೊಂಡು ಬೆರಳು ಮಡಚಿ ಬಿಡಿಸಿ ನೋಡಿಕೊಂಡಳು. ಇಷ್ಟು ವರ್ಷ ಹೇಳಿದ ಮಾತು ಕೇಳಿದ ಗಾಡಿ, ಹೊಸ ಬುದ್ಧಿ ಬಂದ ಕೂಡಲೇ ಯಜಮಾನಿಯನ್ನು ಮರೆಯಿತೇ ಎಂದು ಹೊಟ್ಟೆ ಉರಿಯಿತು.

ಭಾನುವಾರ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಲಾರಿ ಬಂದು ಬೀದಿಯಲ್ಲಿ ನಿಂತಿತು. ನವೀನ್‌ಕುಮಾರ್ ತನ್ನ ಕಾರಿನಿಂದ ಇಳಿದ. ಬೈರೇಶ್ ಬೇಲಿಯ ಹತ್ತಿರ ಜಾಗ ಹಿಡಿದ.

ಸಪ್ಪಲಮ್ಮ ದೇವರಿಗೆ ಕೈ ಮುಗಿದು ಕಾರು ಹತ್ತಿದಳು. ಕೀ ತಿರುಗಿಸಿದಳು. ಗರಗರ. ಇನ್ನೊಮ್ಮೆ. ಗರಗರ.

"ಇಳಿಯಮ್ಮ, ನಾನು ನೋಡ್ತೀನಿ," ಎಂದು ಮುನೀಂದ್ರ ಕೂತ. ಅವನಿಗೂ ಏಳಲಿಲ್ಲ. ಇಳಿದು ಬಂದು ಬೆವರು ಒರೆಸಿಕೊಂಡ. ಗೆದ್ದವನ ಮುಖವಲ್ಲ ಅದು, ಆದರೆ ಮಾತು ಮಾತ್ರ ಗೆದ್ದವನದೇ. "ಡ್ರೈವರ್ ಆಗಿ ಹೊಟ್ಟೆ ಹೊರೆಯೋ ನನ್ನ ಕೈಲೂ ಆಗ್ಲಿಲ್ಲ. ಇನ್ನೇನಮ್ಮ?"

"ಅಪ್ಪಾ, ನಾನು ಮಾಡಿದ್ರೆ ಸ್ಟಾರ್ಟ್ ಆಗುತ್ತೆ!" ಸಿಂಚನಳ ಕಣ್ಣು ತುಂಬಿತ್ತು.

"ನೀನು ಮಾಡಿದ್ರೆ ಏನು ಬಂತು? ಮಾತಾಗಿದ್ದು ಅಜ್ಜಿ ಕೈಲಿ ಅಂತ."

ಅವನು ಲಾರಿಯವನಿಗೆ ಸನ್ನೆ ಮಾಡಲು ತಿರುಗಿದ್ದೇ ತಡ, ಸಪ್ಪಲಮ್ಮ ಮತ್ತೆ ಕಾರು ಹತ್ತಿ ಬಾಗಿಲು ಎಳೆದುಕೊಂಡಳು. ನಾಲ್ಕೂ ಬಾಗಿಲಿನ ಚಿಲಕ ಒತ್ತಿದಳು. ಮುಂದಿನದು ಅಗಲವಾದ ಒಂದೇ ಸೀಟು, ಮನೆಯ ಜಗುಲಿಯ ಹಾಗೆ. ಅದರ ಮೇಲೆ ಎರಡೂ ಕಾಲು ಎತ್ತಿಟ್ಟು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಅಮ್ಮಾ, ಇದೇನಿದು?"

"ಎತ್ಕೊಂಡು ಹೋಗು. ನನ್ನ ಸಮೇತ ಎತ್ಕೊಂಡು ಹೋಗು. ಗಾಜಿನ ಮನೇಲಿ ನಾನೂ ಕೂತ್ಕೋತೀನಿ. ಫೋಟೋ ತೆಗೆಸ್ಕೊಳ್ಳೋರಿಗೆ ಟಿಕೆಟ್ ನಾನೇ ಹರಿತೀನಿ."

"ಮಾತು ಕೊಟ್ಟಿದ್ದೆ ನೀನು."

"ಮಾತು ಕೊಟ್ಟಿದ್ದೆ, ಮಧ್ಯಾಹ್ನ ಅಂತ. ಮಧ್ಯಾಹ್ನ ಇನ್ನೂ ಮುಗಿದಿಲ್ಲ. ಕವಿತಾ, ಊಟ ತಗೊಂಡ್ ಬಾ."

ಕವಿತ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಒಳಗೆ ಹೋಗಿ ತಟ್ಟೆಯಲ್ಲಿ ಮುದ್ದೆ, ಅವರೆಕಾಳು ಸಾರು ಹಾಕಿಕೊಂಡು ಬಂದು ಕಿಟಕಿಯಿಂದ ಕೊಟ್ಟಳು. "ಉಪ್ಪಿನಕಾಯಿ ಬೇಕಾ ಅತ್ತೆ?" ಎಂದಳು, ಗಂಡನಿಗೆ ಕೇಳುವ ಹಾಗೆ.

"ಆ ಜಾಡೀದು ಬೇಡ."

ನರಸಿಂಹಯ್ಯ ಹೋಗಿ ಎಡಗಡೆಯ ಕಿಟಕಿ ತಟ್ಟಿದ. ಸಪ್ಪಲಮ್ಮ ಚಿಲಕ ತೆಗೆದಳು. ಅವನೂ ಹತ್ತಿ ಕೂತು ಎಲೆ ಅಡಿಕೆ ಪೊಟ್ಟಣ ಬಿಚ್ಚಿದ. ಸಪ್ಪಲಮ್ಮ ಅವಸರವಿಲ್ಲದೆ ಉಂಡಳು. ಲಾರಿಯವನು ನೆರಳಿಗೆ ಹೋಗಿ ಕೂತ. ನವೀನ್‌ಕುಮಾರ್ ಗಡಿಯಾರ ನೋಡಿಕೊಂಡ.

ಊಟ ಮುಗಿದು, ತಟ್ಟೆ ಹೊರಗೆ ಹೋಗಿ, ಬಾಯಿಗೆ ಎಲೆ ಬಿದ್ದ ಮೇಲೆ ಮುನೀಂದ್ರ ಕಿಟಕಿಗೆ ಬಗ್ಗಿದ. ಅವನ ದನಿ ಸಣ್ಣದಾಗಿತ್ತು. "ಸಾಕು ಕಣಮ್ಮ. ಊರೆಲ್ಲ ನೋಡ್ತಾ ಇದೆ. ಕೀ ಕೊಡು."

"ಕೀ ಬೇಕಾ?"

"ಹೂಂ."

"ತಗೋ," ಎಂದಳು. ಕೀಯನ್ನು ಕಿತ್ತು ಕೊಡಲಿಲ್ಲ. ಅಲ್ಲೇ, ಚಕ್ಕಳಮಕ್ಕಳ ಕೂತ ಹಾಗೇ, ಕೋಪಕ್ಕೆ ತಿರುವಿದಳು.

ಇಂಜಿನ್ ಎದ್ದಿತು.

ನರಸಿಂಹಯ್ಯನ ಕೈಯ ಅಡಿಕೆ ಚೂರು ಕೆಳಗೆ ಉದುರಿತು. ಪದ್ಮಿನಿ ಹೊಟ್ಟೆ ತುಂಬಿದ ಹಸುವಿನ ಹಾಗೆ ನಿಧಾನವಾಗಿ, ಒಂದೇ ಸಮನೆ ಉಸಿರಾಡುತ್ತಾ ನಿಂತಿತ್ತು.

ಸಿಂಚನ ಕಿಟಕಿಯೊಳಗೆ ಅರ್ಧ ಮೈ ತೂರಿಸಿದಳು. "ಅಜ್ಜಿ! ಕಾಲು! ಕಾಲೆಲ್ಲಿದೆ?"

"ಮೇಲಿದೆ. ಯಾಕೆ, ಕಾಲಿಡೋಕೂ ನಿಮ್ಮಪ್ಪನ್ನ ಕೇಳ್ಬೇಕಾ?"

"ಆರಿಸು. ಆರಿಸಿ, ದಿನಾ ಮಾಡೋ ಹಂಗೇ ಮಾಡು."

ಸಪ್ಪಲಮ್ಮ ಕಾಲು ಕೆಳಗಿಟ್ಟು ಕೀ ತಿರುಗಿಸಿದಳು. ಗರಗರ. ಸಿಂಚನ ಬಾಗಿಲು ತೆಗೆದು ಅಜ್ಜಿಯ ಸೀರೆಯ ನೆರಿಗೆ ಸ್ವಲ್ಪ ಮೇಲೆತ್ತಿ ನೋಡಿದಳು. ಬಲಗಾಲು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಇಷ್ಟು ದಿನ ಅದು ಸೀರೆಯ ಕೆಳಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದು ಅಲ್ಲಿದೆ ಎಂದು ಸಪ್ಪಲಮ್ಮನಿಗೇ ಗೊತ್ತಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಲೆಕ್ಕ ಇಡುತ್ತಾರೆಯೇ?

ಸಿಂಚನ ನಗುತ್ತಾ ಅಳುತ್ತಾ ಹೇಳಿದಳು. "ಪೂರ್ತಿ ತುಳ್ಕೊಂಡು ಸ್ಟಾರ್ಟ್ ಮಾಡಿದ್ರೆ, ಇಂಜಿನ್ ಒಳಗೆ ಪೆಟ್ರೋಲ್ ಜಾಸ್ತಿಯಾಗಿದೆ, ಒಣಗಿಸು ಅಂತ ಹೇಳ್ತಿದ್ದಾರೆ ಅಂದ್ಕೊಳ್ಳುತ್ತೆ ಬಾಕ್ಸು. ಪೆಟ್ರೋಲ್ ಬಿಡೋದೇ ನಿಲ್ಲಿಸ್ಬಿಡುತ್ತೆ. ಕಾಲಿಡಲೇಬಾರದು. ನಾನೇ ಹೇಳ್ಬೇಕಿತ್ತು, ನಾನು ಯಾವತ್ತೂ ತುಳಿಯಲ್ವಲ್ಲ, ಹೊಳೀಲೇ ಇಲ್ಲ."

"ನಾನೂ ತುಳಿದೆ," ಎಂದ ಮುನೀಂದ್ರ, ತನ್ನ ಬಲಗಾಲಿನ ಕಡೆ ನೋಡುತ್ತಾ. "ಕ್ಯಾಬಲ್ಲಿ ತುಳಿಯಲ್ಲ. ಇದರಲ್ಲಿ ಕೂತ್ರೆ ಕಾಲು ತಾನೇ ಹೋಗ್ಬಿಡುತ್ತೆ."

"ನಿಂಗೆ ಕಲಿಸ್ದೋಳು ಯಾರು?" ಎಂದಳು ಸಪ್ಪಲಮ್ಮ. ಆಮೇಲೆ ಕಾಲು ಎತ್ತಿ ಸೀಟಿನ ಮೇಲಿಟ್ಟು, ಕೀ ತಿರುಗಿಸಿ, ಇಂಜಿನ್ ಎದ್ದ ಮೇಲೆ ಕಾಲು ಕೆಳಗಿಟ್ಟಳು. "ಲಾರಿ ಪಕ್ಕಕ್ಕೆ ತೆಗಿಯಪ್ಪ. ದಾರಿ ಬೇಕು ನಂಗೆ. ರೀ, ಆ ಕಾರ್ಬುರೇಟರ್ ತಗೊಂಡು ಬನ್ನಿ. ಸಿಂಚನ, ಹಣ್ಣಿನ ಚೀಲ ಡಿಕ್ಕೀಗೆ ಹಾಕು."

ಬಿಸಿಲು ಉರಿಯುತ್ತಿತ್ತು. ರೈಲ್ವೆ ಗೇಟಿಗೆ ಬಂದರೆ ಗೇಟು ಹಾಕಿತ್ತು. ಸಪ್ಪಲಮ್ಮ ಇಂಜಿನ್ ಆರಿಸಿದಳು. ಸಿಂಚನ ಹಿಂದಿನ ಸೀಟಿನಲ್ಲಿ ಉಗುರು ಕಚ್ಚುತ್ತಿದ್ದಳು. ಕಾದ ಇಂಜಿನ್ ಸುಮ್ಮನೆ ನಿಂತು ಬೇಯುವುದು ಹಳೇ ಪದ್ಮಿನಿಗೆ ಎಲ್ಲಕ್ಕಿಂತ ಕೆಟ್ಟದ್ದು. ನರಸಿಂಹಯ್ಯನ ಕೈ ತಾನಾಗಿ ನೀರಿನ ಬಾಟಲಿ ಹುಡುಕಿತು. ಸಪ್ಪಲಮ್ಮ ಆ ಕೈ ಹಿಡಿದು ತೊಡೆಯ ಮೇಲೆ ಇಡಿಸಿದಳು. ಹಿಂದೆ ಮುನೀಂದ್ರನ ಕ್ಯಾಬು, ಅದರ ಹಿಂದೆ ನವೀನ್‌ಕುಮಾರನ ಕಾರು. ಗೂಡ್ಸ್ ಗಾಡಿ ನಿಧಾನವಾಗಿ, ಮುಗಿಯುವುದೇ ಇಲ್ಲವೇನೋ ಎಂಬಂತೆ ಹೋಯಿತು.

ಗೇಟು ಎದ್ದಿತು. ಗೇಟಿನವನು ಪದ್ಮಿನಿಯ ಗುರುತು ಹಿಡಿದು, ಅಭ್ಯಾಸಬಲದಿಂದ, ತಳ್ಳಲು ಅಂಗಿಯ ತೋಳು ಮಡಚಿಕೊಂಡು ಓಡಿ ಬಂದ. ಸಪ್ಪಲಮ್ಮ ಎರಡೂ ಕಾಲು ಎತ್ತಿಕೊಂಡು ಕೀ ತಿರುಗಿಸಿದಳು. ಒಂದೇ ಸಲಕ್ಕೆ ಎದ್ದಿತು. ಹಳಿಗಳ ಮೇಲೆ ದಡಕ್ ದಡಕ್ ಎಂದು ದಾಟಿದಳು. ಗೇಟಿನವನು ಮಡಚಿದ ತೋಳು ಹಾಗೇ ಇಟ್ಟುಕೊಂಡು ನೋಡುತ್ತಾ ನಿಂತ.

ರೆಸಾರ್ಟಿನ ಮುಂದೆ ಕಾರು ನಿಲ್ಲಿಸಿ ಇಳಿದಳು. ಗಾಜಿನ ಮನೆಗೆಂದು ಕಟ್ಟಿದ ಸಿಮೆಂಟಿನ ಕಟ್ಟೆ ಖಾಲಿ ಬಿದ್ದಿತ್ತು. ಹಿಂದಿನಿಂದ ಬಂದು ಇಳಿದ ನವೀನ್‌ಕುಮಾರನ ಕಣ್ಣೆದುರೇ, ಸುತ್ತಿದ್ದ ಬಟ್ಟೆಯಿಂದ ಕಾರ್ಬುರೇಟರನ್ನು ಹೊರತೆಗೆದು ಆ ಕಟ್ಟೆಯ ಮೇಲಿಟ್ಟಳು.

"ಒರಿಜಿನಲ್ ಬೇಕಿತ್ತಲ್ಲ ನಿನಗೆ? ತಗೋ. ಓಡೋದಿಲ್ಲ, ನೋಡೋಕೆ ಚೆನ್ನಾಗಿದೆ."

ಆ ಬಟ್ಟೆಯನ್ನು ಮಾತ್ರ ಕೊಡವಿ, ಮಡಚಿ, ಗಂಡನ ಹೆಗಲಿಗೆ ಹಾಕಿದಳು.

ಮುನೀಂದ್ರ ಬಂದು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಸುಡುತ್ತಿತ್ತು. ಆದರೂ ತೆಗೆಯಲಿಲ್ಲ. "ಚೆನ್ನಾಗಿ ಮಾಡಿದ್ದೀಯ ಕಣಮ್ಮ," ಎಂದ. ಆ ಮಾತು ಮಗಳಿಗೆ. ಸಿಂಚನ ಬೇರೆ ಕಡೆ ಮುಖ ಮಾಡಿಕೊಂಡಳು. ಅವನು ತಾಯಿಯ ಕಡೆ ತಿರುಗಿದ.

"ಇಲ್ಲಿಂದ ಎಲ್ಲಿಗಮ್ಮ?"

ಸಪ್ಪಲಮ್ಮ ಆಗಲೇ ಕಾರಿನೊಳಗೆ ಕೂತಿದ್ದಳು. ಎರಡೂ ಕಾಲು ಸೀಟಿನ ಮೇಲಿದ್ದವು.

"ನೀನು ಬಾಯಿ ಬಿಡಲ್ಲ ಅಂದಿದ್ದೆ," ಎಂದಳು, ಕೀ ತಿರುಗಿಸಿದಳು.